ವಿದುರಾಶ್ವತ್ಥಕ್ಕೆ ಒಂದೂವರೆ ಟಿಕೆಟ್

ಶಿಡ್ಲಘಟ್ಟದಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟೆವು, ನಾನು ಮತ್ತು ಏಳು ವರ್ಷದ ಮಗಳು ಪದ್ದಿ. ಎಂಬತ್ತರ ದಶಕದ ಒಂದು ಮೇ ತಿಂಗಳು ಅದು. ನನ್ನ ಗಂಡನಿಗೆ ರಜೆ ಸಿಗಲಿಲ್ಲ, ಸಿಕ್ಕಿದ್ದರೂ ಬರುತ್ತಿರಲಿಲ್ಲ. ಪದ್ದಿಯ ಜೊತೆ ಬಸ್ಸು ಹತ್ತುವುದೆಂದರೆ ಮನೆಯಲ್ಲಿ ಎಲ್ಲರಿಗೂ ತಲೆನೋವು ಬರುತ್ತಿತ್ತು.

ಒಂದು ಕಡೆ ಕೂರಲಾಗದ ಅವಳ ಚಡಪಡಿಕೆಯನ್ನು ಈಗ ಎಡಿಎಚ್‌ಡಿ ಎನ್ನುತ್ತಾರೆ, ಹೇಗೆ ನಿಭಾಯಿಸಬೇಕೆಂದು ಹೇಳಿಕೊಡುವವರೂ ಇದ್ದಾರೆ. ಆಗ ನಮ್ಮ ಬೀದಿಯವರಿಗೆ ಗೊತ್ತಿದ್ದದ್ದು ಇಷ್ಟೇ: ಹುಡುಗಿ ಕಾಲಿಗೆ ಚಕ್ರ ಕಟ್ಟಿಕೊಂಡಿದ್ದಾಳೆ. ಪರೀಕ್ಷೆ ಮುಗಿದ ದಿನ ಟೀಚರ್ ನನ್ನನ್ನು ಕರೆಸಿ, "ಜೂನ್‌ನಲ್ಲೂ ಹಿಂಗೇ ಎದ್ದೆದ್ದು ಓಡಾಡಿದ್ರೆ ಸೇರಿಸ್ಕೊಳ್ಳಕ್ಕಾಗಲ್ಲ ಕಣ್ರೀ" ಎಂದರು. ಅತ್ತೆ ಇದು ನಾಗದೋಷವೇ ಎಂದು ತೀರ್ಮಾನಿಸಿಬಿಟ್ಟರು. ವಿದುರಾಶ್ವತ್ಥಕ್ಕೆ ಹೋಗಿ ನಾಗರಕಲ್ಲಿಗೆ ಪೂಜೆ ಮಾಡಿಸಬೇಕು, ಮುಗಿಯುವವರೆಗೆ ಮಗು ಕದಲದೆ ಕೂರಬೇಕು. ಕೂತರೆ ದೋಷ ಕಳೆದಂತೆ. ನಾನೂ ನಂಬಿದೆ. ಮುಳುಗುವವಳಿಗೆ ಹುಲ್ಲುಕಡ್ಡಿಯೇ ಆಸರೆ.

ಚಿಕ್ಕಬಳ್ಳಾಪುರದಲ್ಲಿ ಗೌರಿಬಿದನೂರಿನ ಬಸ್ಸು ಹಿಡಿದೆವು. ಪದ್ದಿ ಕಿಟಕಿಯಿಂದ ಬಾಗಿಲಿಗೆ, ಬಾಗಿಲಿಂದ ಡ್ರೈವರ್ ಹತ್ತಿರಕ್ಕೆ ಓಡಾಡುತ್ತಿದ್ದಳು. ಕಂಡಕ್ಟರ್ ಒಂದೂವರೆ ಟಿಕೆಟ್ ಹರಿಯುತ್ತಾ, "ಕೂರೋದೇ ಇಲ್ವಲ್ಲಮ್ಮ, ಇವಳಿಗೆ ಸೀಟ್ ಯಾಕೆ?" ಎಂದ. ಬಸ್ಸೆಲ್ಲ ನಕ್ಕಿತು. ನಾನೂ ನಕ್ಕೆ, ಇಲ್ಲದಿದ್ದರೆ ಅಳಬೇಕಾಗುತ್ತಿತ್ತು. ಪದ್ದಿಯ ಕಾಲು ಸೀರೆಗೆ ತಗಲಿತೆಂದು ಪಕ್ಕದ ಹೆಂಗಸು ಎದ್ದು ಹಿಂದಕ್ಕೆ ಹೋದಳು. ಮಂಚೇನಹಳ್ಳಿ ದಾಟಿದರೂ ಆ ಜಾಗಕ್ಕೆ ಯಾರೂ ಬರಲಿಲ್ಲ. ಮದುವೆಮನೆಗಳಲ್ಲೂ ನಮ್ಮ ಪಕ್ಕದ ಎಲೆ ಹೀಗೇ ಖಾಲಿ ಇರುತ್ತಿತ್ತು. ಆಮೇಲಾಮೇಲೆ ಕರೆಯುವುದನ್ನೇ ನಿಲ್ಲಿಸಿದರು.

ಗೌರಿಬಿದನೂರಿನಲ್ಲಿ ಇಳಿದಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಹೋಟೆಲಿನಲ್ಲಿ ಇಡ್ಲಿ ತಿಂದೆವು. ಅಂದರೆ ನಾನು ತಿಂದೆ, ಅವಳು ಅಡುಗೆಮನೆ ನೋಡಿಕೊಂಡು ಬಂದಳು. ಅಲ್ಲಿಂದ ವಿದುರಾಶ್ವತ್ಥ ಹತ್ತಿರವೇ.

ಅಶ್ವತ್ಥದ ನೆರಳು ತಂಪಾಗಿತ್ತು. ಅರ್ಚಕರು ಹಾಲೆರೆಯಲು ಶುರುಮಾಡಿದರು. ನಾನು ಪದ್ದಿಯ ಮೊಣಕಾಲು ಒತ್ತಿ ಹಿಡಿದು ಕೂತೆ. ಕುಂಕುಮವಿಡುವ ಮೊದಲೇ ಅವಳು ಎದ್ದಳು. ಎಳೆದು ಕೂರಿಸಿದೆ. ಮತ್ತೆ ಎದ್ದು ಈ ಸಲ ತಪ್ಪಿಸಿಕೊಂಡೇ ಹೋದಳು. "ಹೋಗ್ಲಿ ಬಿಡಮ್ಮ, ಮಗು ಅಲ್ವಾ" ಎಂದು ಅವರು ಮಂತ್ರ ಮುಂದುವರಿಸಿದರು. ನನ್ನ ಕಿವಿಗೆ ಅದು ಬೀಳಲೇ ಇಲ್ಲ. ಶಾಲೆಯ ಬಾಗಿಲು ಮುಚ್ಚಿತು ಎಂದುಕೊಂಡೆ.

ಪೂಜೆ ಮುಗಿದ ಮೇಲೂ ಏಳಲು ಮನಸ್ಸಾಗದೆ ಕೂತಿದ್ದೆ. ಪದ್ದಿ ಉಳಿದ ಅರಿಶಿನದ ಬಟ್ಟಲು ಎತ್ತಿಕೊಂಡು, "ಅಮ್ಮ, ಆ ಕಲ್ಲುಗಳಿಗೂ ಹಚ್ಲಾ?" ಎಂದಳು. ಸುತ್ತ ನಾಗರಕಲ್ಲುಗಳು ಸಾಲುಸಾಲಾಗಿ ನಿಂತಿದ್ದವು. ಸಾಕಾಗಿ ಹೇಳಿದೆ: "ಆ ಒಂದು ಸಾಲಿಗೆ ಹಚ್ಚಿ ಬಂದು ಹೇಳು."

ಸ್ವಲ್ಪ ಹೊತ್ತಿಗೆ "ಆಯ್ತಮ್ಮ" ಎಂದು ಓಡಿ ಬಂದಳು.

"ನೀರ್ ಕುಡಿ. ಈಗ ಅದರ ಹಿಂದಿನ್ ಸಾಲು."

ಮರಕ್ಕೊಂದು ಸುತ್ತು ಓಡಿ, ಆ ಸಾಲನ್ನೂ ಮುಗಿಸಿದಳು. ಆಮೇಲೆ ಮತ್ತೊಂದು. ನಾನು ಎದ್ದು ಹೋಗಿ ನೋಡಿದೆ, ಒಂದು ಕಲ್ಲನ್ನೂ ಬಿಟ್ಟಿರಲಿಲ್ಲ. ಒಂದು ಸ್ಲೇಟಿನಷ್ಟು ಅಕ್ಷರವನ್ನು ಎಂದೂ ಪೂರ್ತಿ ಬರೆಯದ ಹುಡುಗಿ! ನನಗೆ ಹೊಟ್ಟೆ ತುಂಬಿದಷ್ಟು ಸಂತೋಷವಾಯಿತು. ಯಾರಿಗಾದರೂ ಹೇಳಬೇಕೆನಿಸಿತು. ನೆರಳಲ್ಲಿ ಒರಗಿದ್ದ ಒಬ್ಬ ಮುದುಕಿಗೆ, "ನಮ್ಮ ಹುಡುಗಿ ಒಂದೂ ಬಿಡ್ಲಿಲ್ಲ ನೋಡಿ" ಎಂದೆ. "ಅವುನಾ? ಮಂಚಿದಮ್ಮಾ" ಎಂದಳು, ತೆಲುಗಿನಲ್ಲಿ. ಹೌದಾ, ಒಳ್ಳೇದಮ್ಮ ಎಂದಷ್ಟೇ ಹೇಳಿ ಕಣ್ಣು ಮುಚ್ಚಿಕೊಂಡಳು.

ವಾಪಸು ಬಸ್ಸಿನಲ್ಲಿ, "ಮುಂದಿನ್ ಊರು ಬರೋವರೆಗೂ ಕೂತ್ಕೊ, ಆಮೇಲೆ ಎದ್ದೇಳು" ಎಂದೆ. ಕೂತಳು, ಎದ್ದಳು, ಮತ್ತೆ ಕೂತಳು. ಪಕ್ಕದ ಸೀಟು ಮಾತ್ರ ಖಾಲಿಯೇ ಇತ್ತು.

ಸಂಜೆ ಮನೆ ತಲುಪಿದಾಗ ಅತ್ತೆ ಹೊಸಿಲಲ್ಲೇ ಕೇಳಿದರು. "ಕೂತ್ಲಾ?"

"ಇಲ್ಲ ಅತ್ತೆ, ಕೂರಲಿಲ್ಲ. ಮುಗಿಸಿದ್ಳು."

"ಏನ್ ಮುಗಿಸಿದ್ಳು?"

ಮೊಣಕೈವರೆಗೆ ಹಳದಿಯಾಗಿದ್ದ ಅವಳ ಕೈ ತೋರಿಸಿದೆ. "ಮೊದ್ಲು ಕೈ ತೊಳ್ಸು" ಎಂದು ಅವರು ಒಳಗೆ ಹೋದರು.

ಜಗಲಿಯಲ್ಲಿ ಕೂತು, ಟೀಚರ್‌ಗೆ ಹೇಳಬೇಕಾದ್ದನ್ನು ಅಭ್ಯಾಸ ಮಾಡತೊಡಗಿದೆ. ಸ್ವಲ್ಪಸ್ವಲ್ಪವೇ ಬರೆಸಿ, ನಡುವೆ ಒಂದು ಸುತ್ತು ಓಡಲು ಬಿಡಿ, ಖಂಡಿತ ಮುಗಿಸುತ್ತಾಳೆ.

"ಯಾರ ಹತ್ರ ಮಾತಾಡ್ತಿದ್ದೀಯಮ್ಮ?" ಪದ್ದಿ ಕೇಳಿದಳು.

"ಯಾರೂ ಇಲ್ಲ ಕಣೇ. ನೀನೇ ಕೇಳಿಸ್ಕೊ."

ಮೊದಲಿನಿಂದ ಹೇಳಿದೆ. ನಾನು ಮುಗಿಸುವಷ್ಟರಲ್ಲಿ ಅವಳು ಎರಡು ಸಲ ಬೀದಿಗೆ ಓಡಿದಳು, ಎರಡು ಸಲವೂ ಕೇಳಲು ವಾಪಸು ಬಂದಳು.