ಐದರ ಬಸ್ಸು ಮತ್ತು ಖಾಲಾ ಹೇಳಿದ ಕ್ಲೈಮ್ಯಾಕ್ಸ್

ನಮ್ಮ ಕಡೆ ದೆವ್ವದ ಸಿನಿಮಾ ಯಾಕೆ ಓಡುವುದಿಲ್ಲ ಎಂದು ನನ್ನನ್ನು ಯಾರೂ ಕೇಳಿಲ್ಲ. ಆದರೂ ಹೇಳುತ್ತೇನೆ. ರಾಯಚೂರಿನ ಏಪ್ರಿಲ್‌ನಲ್ಲಿ ಎಲ್ಲಿಂದಲೋ ತಣ್ಣನೆಯ ಗಾಳಿ ಬೀಸಿ ಕಿಟಕಿಯ ಪರದೆ ತಾನೇ ಅಲುಗಿತು ಅನ್ನಿ. ಮನೆಮಂದಿ ಕಿರುಚುವುದಿಲ್ಲ. ಚಾಪೆ, ದಿಂಬು ಎತ್ತಿಕೊಂಡು ಬಂದು ಅದೇ ಕಿಟಕಿಯ ಕೆಳಗೆ ಮಲಗುತ್ತಾರೆ. ಪಾಪ, ದೆವ್ವಕ್ಕೇ ಕಾಲಿಡಲು ಜಾಗ ಇರುವುದಿಲ್ಲ.

ಥ್ರಿಲ್ಲರುಗಳದ್ದು ಇನ್ನೂ ಚಂದ. ಕೊಲೆಗಾರ ಕಪ್ಪು ಜಾಕೀಟು ತೊಟ್ಟು, ಮುಖ ಮುಚ್ಚಿಕೊಂಡು, ಯಾರ ಕಣ್ಣಿಗೂ ಬೀಳದೆ ಊರೆಲ್ಲ ಸುತ್ತುತ್ತಾನಂತೆ. ಮಾನ್ವಿಯಲ್ಲಿ ಒಂದು ಓಣಿ ದಾಟಲಿ ನೋಡೋಣ! ಮೊದಲ ಕಟ್ಟೆಯ ಮೇಲೆ ಕುಂತವರು "ಎಲ್ಲಿಗಿ ಹೊಂಟ್ರಿ?" ಎನ್ನುತ್ತಾರೆ. ಮುಂದಿನವರು "ಯಾರ ಪೈಕಿರೀ ನೀವು?" ಎನ್ನುತ್ತಾರೆ. ಅದರಾಚೆಯವರು ಒಳಗೆ ಕರೆದು ಚಹಾ ಕೊಟ್ಟೇಬಿಡುತ್ತಾರೆ. ಚಹಾ ಕುಡಿಯಲು ಮುಖದ ಬಟ್ಟೆ ತೆಗೆಯಲೇಬೇಕಲ್ಲ. ಕೇಸು ಅಲ್ಲಿಗೆ ಖತಂ.

ವೆಬ್ ಸರಣಿಗಳ ಸುದ್ದಿಯಂತೂ ಬೇಡವೇ ಬೇಡ. ಮೊದಲ ಕಂತಿನಲ್ಲಿ ಹೆಣ ಸಿಗುತ್ತದೆ. ಆಮೇಲೆ ಹೆಣವನ್ನು ಎಲ್ಲರೂ ಮರೆತು, ಇನ್ಸ್‌ಪೆಕ್ಟರನ ಸಂಸಾರದ ಗೋಳು ಶುರುವಾಗುತ್ತದೆ. ಅವನ ಹೆಂಡತಿ ಯಾಕೆ ಬಿಟ್ಟುಹೋದಳು ಎಂದು ನಮಗೆಲ್ಲ ಮೊದಲ ಕಂತಿನಲ್ಲೇ ತಿಳಿದಿರುತ್ತದೆ, ಅವನಿಗೆ ಮಾತ್ರ ತಿಳಿದಿರುವುದಿಲ್ಲ. ಕೊನೆಗೆ ಕೊಂದವರು ಯಾರು ಎಂದರೆ, ಮುಂದಿನ ಸೀಸನ್‌ಗೆ ಬನ್ನಿ ಎನ್ನುತ್ತಾರೆ.

ಇಷ್ಟೆಲ್ಲ ಬೈದರೂ ನೋಡುವುದನ್ನು ಬಿಟ್ಟಿದ್ದೇನೆಯೇ? ಇಲ್ಲ. ಚಟ. ಸಿನಿಮಾ ಕೆಟ್ಟದ್ದಾದರೆ ಕ್ಷಮಿಸುತ್ತೇನೆ, ಕೊನೆಯನ್ನು ಮೊದಲೇ ಹೇಳಿದವನನ್ನು ಮಾತ್ರ ಈ ಜನ್ಮದಲ್ಲಿ ಕ್ಷಮಿಸುವುದಿಲ್ಲ. ಅಂಥ ನನ್ನ ಮನೆಯಲ್ಲೇ ಅವ್ವ ಇದ್ದಾಳೆ. ಟಿವಿ ಹಚ್ಚಿದರೆ ಸಾಕು, ಶುರು.

"ಲೇ, ಕಡೀಗಿ ಏನಾಕ್ಕದ ಮೊದ್ಲ ಹೇಳಿಬಿಡು. ಆಮ್ಯಾಲೆ ನೋಡ್ತೀನಿ."

ಇದಕ್ಕೆ ಕಾರಣ ಇದೆ. ಮದುವೆಯಾಗಿ ದೇವದುರ್ಗಕ್ಕೆ ಬಂದ ಅವ್ವ, ಓಣಿಯ ಹೆಂಗಸರ ಜೊತೆ ರಾಯಚೂರಿಗೆ ಮಧ್ಯಾಹ್ನದ ಆಟಕ್ಕೆ ಹೋಗುತ್ತಿದ್ದಳು. ಸಂಜೆ ದೀಪ ಹಚ್ಚುವ ಹೊತ್ತಿಗೆ ಸೊಸೆ ಮನೆಯಲ್ಲಿರಬೇಕು, ಅದು ನಮ್ಮಜ್ಜಿಯ ಕಾಯಿದೆ. ಅದಕ್ಕೆ ಐದರ ಬಸ್ಸು ಹಿಡಿಯಬೇಕು. ಹೀಗಾಗಿ ಸಿನಿಮಾ ಎಲ್ಲಿ ರಂಗೇರುತ್ತಿತ್ತೋ ಅಲ್ಲಿಗೆ ಅವ್ವ ಸೆರಗು ಸರಿಮಾಡಿಕೊಂಡು ಏಳುತ್ತಿದ್ದಳು. ಎಷ್ಟೋ ಸಿನಿಮಾಗಳಲ್ಲಿ ಅವಳು ಕಂಡ ಕ್ಲೈಮ್ಯಾಕ್ಸ್ ಎಂದರೆ ಬಸ್ಸಿನ ಬಾಗಿಲು.

ಕೊನೆಯನ್ನು ತಂದುಕೊಡುತ್ತಿದ್ದವಳು ನಾವು ಮಕ್ಕಳೆಲ್ಲ ಖಾಲಾ, ಅಂದರೆ ಚಿಕ್ಕಮ್ಮ ಎಂದೂ, ಅವ್ವ ಬೀ ಎಂದೂ ಕರೆಯುವ ಪಕ್ಕದ ಮನೆಯಾಕೆ, ಬಟ್ಟೆ ಅಂಗಡಿಯವರ ಹೆಂಡತಿ. ಅವಳ ತವರು ರಾಯಚೂರೇ. ರಾತ್ರಿ ಅಲ್ಲೇ ಉಳಿದು, ಮರುದಿನ ಬಂದು, ನೀರು ಸೇದುತ್ತ ಅವ್ವನಿಗೆ ಉಳಿದ ಕಥೆ ಹೇಳುತ್ತಿದ್ದಳು. ಬಿರುಗಾಳಿಯಲ್ಲಿ ದೋಣಿ ಹತ್ತಿದ ಹುಡುಗಿಯ ಕಥೆಯೊಂದನ್ನು ಅವ್ವ ನನಗೆ ಚಿಕ್ಕಂದಿನಲ್ಲಿ ಎಷ್ಟು ಸಲ ಹೇಳಿದ್ದಾಳೋ! ಹುಡುಗಿ ಆಚೆ ದಂಡೆ ಮುಟ್ಟಿ, ಅಲ್ಲಿಯ ಶಾಲೆಯಲ್ಲಿ ಟೀಚರ್ ಆದಳಂತೆ. ದೊಡ್ಡವನಾದ ಮೇಲೆ ಆ ಸಿನಿಮಾ ಹುಡುಕಿ ನೋಡಿದೆ. ಕೊನೆಯಲ್ಲಿ ದಂಡೆಗೆ ಬರುವುದು ಖಾಲಿ ದೋಣಿ. ಅವ್ವ ಎಲ್ಲೋ ತಪ್ಪು ಕೇಳಿಸಿಕೊಂಡಿರಬೇಕು ಎಂದುಕೊಂಡು ಸುಮ್ಮನಾದೆ.

ಈಗ ಅವ್ವ ರಾಯಚೂರಿನಲ್ಲಿ ನನ್ನ ಜೊತೆಗೇ ಇದ್ದಾಳೆ. ಹಿಡಿಯಬೇಕಾದ ಬಸ್ಸಿಲ್ಲ, ಕಾಯಿದೆ ಮಾಡುವ ಅತ್ತೆಯಿಲ್ಲ. ಒಂದೇ ಒಂದು ಸಲ, ಕೊನೆ ಗೊತ್ತಿಲ್ಲದೆ ಅವಳು ಒಂದು ಸಿನಿಮಾ ನೋಡಬೇಕು, ಆಗ ಅವಳ ಮುಖವನ್ನು ನಾನು ನೋಡಬೇಕು. ಇದೊಂದು ಆಸೆ ನನ್ನ ತಲೆ ಹೊಕ್ಕು ಕೂತಿತು. ಅದಕ್ಕೆಂದೇ ಒಂದು ಥ್ರಿಲ್ಲರ್ ಆರಿಸಿದೆ. ದೊಡ್ಡ ಮನೆ, ಗುಮಾನಿ ಹುಟ್ಟಿಸುವ ಡ್ರೈವರ್, ಮುಖವಾಡದ ಕೊಲೆಗಾರ. ಕೊಲೆಗಾರ ಯಾರೆಂದರೆ, ಮನೆಯವರಿಗೆಲ್ಲ ಅಕ್ಕರೆಯಿಂದ ಔಷಧಿ ಕೊಡುವ ಮುದಿ ಡಾಕ್ಟರ್! ಅದನ್ನು ಆಗಲೇ ನೋಡಿದ್ದ ಮಾನ್ವಿಯ ತಂಗಿಯಿಂದ ಬಾಯಿ ಬಿಡುವುದಿಲ್ಲವೆಂದು ಆಣೆ ಮಾಡಿಸಿದೆ. ಅವ್ವನಿಗೂ ಹೇಳಿದೆ, "ಈ ಸಲ ಕಡೀದು ಕೇಳಬ್ಯಾಡ ಬೇ, ನನ್ನ ಸಲುವಾಗಿ."

ಭಾನುವಾರ ಮಧ್ಯಾಹ್ನ ಕೂತೆವು. ಕರೆಂಟು ಹೋಗಲಿಲ್ಲ, ಅದೇ ಮೊದಲ ಸಸ್ಪೆನ್ಸ್. ಅವ್ವ ಒಂದು ಪ್ರಶ್ನೆ ಕೇಳಬೇಕಲ್ಲ? ಊಹೂಂ. ಡಾಕ್ಟರ್ ಬಂದಾಗಲೆಲ್ಲ "ದೇವ್ರಂಥಾ ಮನಷ್ಯಾ" ಎನ್ನುತ್ತ ಶೇಂಗಾ ಸುಲಿಯುತ್ತಿದ್ದಳು. ನನಗೆ ಎಷ್ಟು ಖುಷಿಯಾಯಿತೆಂದರೆ, ನಾನೂ ಸುಲಿದು ಕೊಟ್ಟೆ.

ಕಡೆಗೂ ಮುಖವಾಡದವನು ಸಿಕ್ಕಿಬಿದ್ದ. ಪೊಲೀಸನ ಕೈ ಇನ್ನೂ ಮುಖವಾಡದ ಹತ್ತಿರ ಹೋಗುತ್ತಿತ್ತು, ಅಷ್ಟರಲ್ಲಿ ಅವ್ವ ಎದೆಯ ಮೇಲೆ ಕೈಯಿಟ್ಟು ಚೀರಿದಳು.

"ಅಯ್ಯ ಶಿವನ! ಡ್ರೈವರ್ ಅದಾನಲ್ಲಲೇ ಇಂವಾ!"

ಮುಖವಾಡ ಇನ್ನೂ ಕಳಚಿರಲಿಲ್ಲ! ಕೈಯಲ್ಲಿದ್ದ ಶೇಂಗಾವನ್ನು ತಟ್ಟೆಗೆ ಎಸೆದೆ. ಯಾರನ್ನೋ ಕೇಳಿಕೊಂಡೇ ಬಂದು ಕೂತಿದ್ದಾಳೆ, ನನ್ನ ಸಲುವಾಗಿ ಬೆಚ್ಚಿಬಿದ್ದ ನಾಟಕ ಬೇರೆ. ಅದೂ ತಪ್ಪು ಹೆಸರು, ತಪ್ಪು ಹೊತ್ತು.

ಮುಖವಾಡ ಕಳಚಿತು. ಡಾಕ್ಟರ್.

ಅವ್ವನ ಕೈ ಎದೆಯ ಮೇಲೇ ಉಳಿಯಿತು. ಬಾಯಿ ತೆರೆದೇ ಇತ್ತು. ಸುಲಿದ ಶೇಂಗಾ ಮಡಿಲಿಂದ ಜಾರಿ ಚೆಲ್ಲಿದವು. "ಲೇ... ಇಂವಾ?" ಎಂದಳು, ಸಣ್ಣ ಹುಡುಗಿಯ ದನಿಯಲ್ಲಿ. ನಾನು ಬಯಸಿದ್ದ ಮುಖ ಅದೇ. ಸಿಟ್ಟೆಲ್ಲ ಎತ್ತ ಹೋಯಿತೋ, ನಾನು ಟಿವಿಯ ಕಡೆ ನೋಡಲೇ ಇಲ್ಲ.

ಸಿನಿಮಾ ಮುಗಿದದ್ದೇ ಅವ್ವ ದೇವದುರ್ಗಕ್ಕೆ ಫೋನ್ ಹಚ್ಚಿದಳು. ಮೊಮ್ಮಗಳ ಮೊಬೈಲಿನಲ್ಲಿ ಅದೇ ಸಿನಿಮಾ ನೋಡಿದ್ದ ಖಾಲಾ ಹಿಂದಿನ ದಿನವೇ ಅವ್ವನಿಗೆ ಕೊನೆ ಹೇಳಿದ್ದಳಂತೆ. ಕಿವಿ ಮಂದ ಎಂದು ಅವ್ವ ಸ್ಪೀಕರ್ ಹಾಕಿಯೇ ಮಾತಾಡುವುದು, ನನಗೂ ಎಲ್ಲ ಕೇಳಿಸಿತು.

"ಏ ಬೀ, ಡ್ರೈವರ್ ಅಂತ ಯಾಕ ಸುಳ್ಳ ಹೇಳ್ದಿ? ಡಾಕ್ಟರ್ ಅದಾನ ಅಂವಾ!"

"ಅರೇ, ನೋಡೇಬಿಟ್ಟೇನಕ್ಕಾ?" ಖಾಲಾ ನಕ್ಕಳು. "ಅಷ್ಟು ಚೊಲೋ ಮನಷ್ಯಾ ಕೊಲಿ ಮಾಡ್ದಾ ಅಂತ ನನ್ನ ಬಾಯಾಗ ಬರಲಿಲ್ಲ ನೋಡು."

ಅವ್ವ ನಗಲಿಲ್ಲ. "ಹಂಗಾರ ಆವಾಗ ಪಿಚ್ಚರ್ ಕಡೀದು ಹೇಳ್ತಿದ್ದೆಲ್ಲಾ, ಅವೆಲ್ಲಾ?"

ಖಾಲಾಳ ದನಿ ಮೆತ್ತಗಾಯಿತು. "ಪಿಚ್ಚರ್ ಅರ್ಧಕ್ಕ ಬಿಟ್ಟು ಓಡ್ತಿದ್ದಿ. ಮನ್ಯಾಗ ಬೈಗುಳಾ ತಿಂದು, ಅತ್ತು, ಮುಂಜಾನಿ ಕಣ್ಣು ಬಾತಿರ್ತಿದ್ವು ನಿನ್ವು. ಅಂಥಾದ್ರಾಗ ಬಂದು 'ಕಡೀಗಿ ಏನಾತು ಬೀ' ಅಂತ ಕೇಳ್ತಿದ್ದಿ. ಸತ್ರು ಅಂತ ಹೆಂಗ ಹೇಳ್ಲಕ್ಕಾ ನಿನಗ?"

ಅವ್ವ ಫೋನ್ ಕೆಳಗಿಟ್ಟಳು. ಚೆಲ್ಲಿದ ಶೇಂಗಾವನ್ನು ಒಂದೊಂದಾಗಿ ಆರಿಸಿ ತಟ್ಟೆಗೆ ಹಾಕಿದಳು. ನನ್ನ ಕಡೆ ನೋಡದೆಯೇ ಕೇಳಿದಳು.

"ಲೇ, ಆ ದೋಣಿ ಹುಡುಗಿ ಪಿಚ್ಚರ್ ನೀ ನೋಡೀಯಲ್ಲ? ಅಕಿ ದಂಡಿಗಿ ಮುಟ್ಟಿದ್ಲು, ಹೌದಿಲ್ಲ?"

ಆ ಖಾಲಿ ದೋಣಿಯ ಬಗ್ಗೆ ಸಿಕ್ಕವರಿಗೆಲ್ಲ ಗಂಟೆಗಟ್ಟಲೆ ಕೊರೆದವನು ನಾನು. ಅಂಥ ಅದ್ಭುತ ಕೊನೆ ನಮ್ಮವರ ಬೇರೆ ಯಾವ ಸಿನಿಮಾದಲ್ಲೂ ಇಲ್ಲ ಎಂದು ಜಗಳ ಆಡಿದವನು.

"ಮುಟ್ಟಿದ್ಲು ಬೇ," ಎಂದೆ. "ಆ ಊರಾಗ ಸಾಲಿ ಟೀಚರ್ ಆದ್ಲು."

ಅವ್ವ ನನ್ನ ಮುಖವನ್ನೇ ಒಂದು ಗಳಿಗೆ ನೋಡಿದಳು.

"ಹೂಂ. ಬೀನೂ ಹಂಗ ಹೇಳಿದ್ಲು," ಎಂದು, ಚಹಾಕ್ಕೆ ನೀರಿಡಲು ಎದ್ದಳು.