ಏಕಾದಶಿ ಮಧ್ಯಾಹ್ನದ ರೇಸು

ಒಂಬೈನೂರು ರೂಪಾಯಿ ಕೊಟ್ಟೆ. ಮದರಾಸಿನ ಪಲ್ಲಾವರಂ ಶುಕ್ರವಾರದ ಸಂತೆಯಲ್ಲಿ ಆ ಮನುಷ್ಯ ಹೇಳಿದ್ದು ಎರಡೂವರೆ ಸಾವಿರ. ಬೂದು ಬಣ್ಣದ ಹಳೆಯ ವಿಡಿಯೊ ಗೇಮ್ ಪೆಟ್ಟಿಗೆ, ನಾಲ್ಕು ಜನ ಒಟ್ಟಿಗೆ ಕೂತು ಆಡುವಂಥದ್ದು. ಜೊತೆಗೆ ಮೂರು ಕಂಟ್ರೋಲರ್, ಒಂದು ರೇಸಿನ ಕ್ಯಾಸೆಟ್. ಒಂದು ಕಂಟ್ರೋಲರಿನ ಕಡ್ಡಿ ಸಡಿಲವಾಗಿ ತೂಗಾಡುತ್ತಿತ್ತು, ಅದನ್ನು ತೋರಿಸಿ ಒಂದಿಷ್ಟು ಇಳಿಸಿದೆ. ವೈರಿನ ತುದಿಗೆ ತುಕ್ಕು, ಅದಕ್ಕೊಂದಿಷ್ಟು. ಉಳಿದದ್ದಕ್ಕೆ ನನ್ನ ಹಳೆಯ ವಿದ್ಯೆ: ಪೆಟ್ಟಿಗೆಯನ್ನು ಕೆಳಗಿಟ್ಟು, ಪಕ್ಕದವನ ಮಿಕ್ಸಿ ಜಾರುಗಳನ್ನು ನೋಡುತ್ತಾ ಹೊರಟೇಬಿಟ್ಟೆ. ಬಣ್ಣದ ಮೀನು ಮಾರುವವರ ಸಾಲು ತಲುಪುವಷ್ಟರಲ್ಲಿ ಹಿಂದಿನಿಂದ “ಸಾರ್, ಸಾರ್, ವಾಂಗ ಸಾರ್!” ಎಂದು ವಾಪಸು ಕರೆಯುವ ಕೂಗು ಬಂತು. ನಿಜ ಹೇಳಲೇ? ಎರಡೂವರೆ ಸಾವಿರಕ್ಕೆ ಪಟ್ಟು ಹಿಡಿದಿದ್ದರೂ ಕೊಡುತ್ತಿದ್ದೆ. ಅದು ಅವನಿಗೆ ಗೊತ್ತಾಗಲಿಲ್ಲ, ಅಷ್ಟೆ.

ಮನೆಗೆ ತಂದು ಸ್ವಿಚ್ ಒತ್ತಿದೆ. ಸ್ವಲ್ಪ ಹೊತ್ತಿಗೆ ಪೆಟ್ಟಿಗೆಯ ಬೆನ್ನಿನ ಸೀಳುಗಳಿಂದ ಬಿಸಿಯಾದ ಹಳೆಯ ಪ್ಲಾಸ್ಟಿಕ್ಕಿನ ವಾಸನೆ ಬಂತು. ಇಸ್ತ್ರಿ ಪೆಟ್ಟಿಗೆ ಕಾದಾಗ ಬರುತ್ತದಲ್ಲ, ಅದಕ್ಕೆ ಹತ್ತಿರದ್ದು, ಜೊತೆಗೆ ಚೂರು ಧೂಳು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನಾನು ಅಡ್ಯಾರಿನ ಆ ಮೊದಲ ಮಹಡಿಯ ಹಾಲಿನಲ್ಲಿ, ಮಾಮಿಯ ಪಕ್ಕ ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದೆ...

ವೇಲಚೇರಿಯಲ್ಲಿ ನನ್ನದು ಹಳೆಯ ಮನೆಸಾಮಾನಿನ ಅಂಗಡಿ. ದಾವಣಗೆರೆಯಿಂದ ಬರಿಗೈಯಲ್ಲಿ ಬಂದು, ಯಾರದೋ ಅಂಗಡಿಯ ಫ್ರಿಜ್ಜುಗಳನ್ನು ಬೆನ್ನ ಮೇಲೆ ಹೊತ್ತು, ಆಮೇಲೆ ನನ್ನದೇ ಬೋರ್ಡು ಹಾಕಿಕೊಂಡವನು ನಾನು. ಆಫೀಸಿನವರು ಮನೆ ಬದಲಿಸುವಾಗ ಬಿಟ್ಟು ಹೋಗುವುದನ್ನು ಕೊಳ್ಳುವುದು, ಒರೆಸಿ, ರಿಪೇರಿ ಮಾಡಿಸಿ ಮಾರುವುದು. ವರ್ಷಗಳ ಹಿಂದೆ ಒಂದು ಮಳೆಗಾಲ ಮುಗಿದ ಮೇಲೆ, ಅಂಗಡಿಗೆ ನುಗ್ಗಿದ ನೀರು ಗೋಡೆಯ ಮೇಲೆ ಬಿಟ್ಟ ಗೆರೆಗೆ ಸುಣ್ಣ ಹೊಡೆಸುತ್ತಿದ್ದಾಗ, ಒಂಬತ್ತು ಗಜದ ಸೀರೆ ಉಟ್ಟ ವಯಸ್ಸಾದ ಹೆಂಗಸು ಆಟೋದಿಂದ ಇಳಿದು ಸೀದಾ ಒಳಗೆ ಬಂದರು. ನನ್ನ ಫೋನ್ ಮಾತು ಕೇಳಿ ಕನ್ನಡದವನೆಂದು ಗೊತ್ತಾಗಿತ್ತು.

“ಅಂಗಡಿಯೋರೇ, ಬೆನ್ನಿರೋ ಟಿವಿ ಇದ್ಯಾ? ಈ ಗೋಡೆಗೆ ಅಂಟಿಸೋ ತೆಳ್ಳನೆ ಅಪ್ಪಳಾಂ ಬೇಡ.”

ಡಬ್ಬಾ ಟಿವಿಯನ್ನು ಯಾರೂ ಪುಕ್ಕಟೆ ಕೊಟ್ಟರೂ ಒಯ್ಯದ ಕಾಲ ಅದು. ಮೂಲೆಯಲ್ಲಿ ಒಂದಿತ್ತು. ಅದರ ಮೇಲೆ ಅವರ ಕಣ್ಣು ನಿಂತ ರೀತಿ ನೋಡಿದೆ. ಕೂಡಲೇ ರೇಟು ಏರಿಸಿದೆ. ವ್ಯಾಪಾರದಲ್ಲಿ ಸಾಮಾನನ್ನು ನೋಡಬಾರದು, ಕೊಳ್ಳುವವರ ಕಣ್ಣನ್ನು ನೋಡಬೇಕು. ಅವರು ಜಗ್ಗಿದರು, ನಾನು ಜಗ್ಗಿದೆ. ಕೊನೆಗೆ “ಐವತ್ತು ರೂಪಾಯಿ ಬಿಡೀಪ್ಪಾ, ನಿಮ್ಮಮ್ಮನ ವಯಸ್ಸು ನಂದು” ಎಂದರು. “ನಮ್ಮವ್ವ ಬಂದ್ರೂ ಇದೇ ರೇಟು ಮಾಮಿ” ಎಂದೆ. ಅವರು ನನ್ನನ್ನು ಒಂದು ಗಳಿಗೆ ದಿಟ್ಟಿಸಿ ನೋಡಿ, ಬೇಸರವಿಲ್ಲದೆ, ಬಲು ಖುಷಿಯಿಂದಲೇ ದುಡ್ಡು ತೆಗೆದರು. ಆ ಖುಷಿ ನನಗೆ ಅರ್ಥವಾಗಲಿಲ್ಲ.

ಟಿವಿ ಇಳಿಸಲು ನಾನೇ ಹೋದೆ. ಅವರದು ಕೃಷ್ಣನ ಒಕ್ಕಲಿನ ಮಾಧ್ವರ ಮನೆ, ಮಾತು ಕನ್ನಡವೇ ಆದರೂ ಮೂರು ತಲೆಮಾರಿನಿಂದ ಮದರಾಸಿನವರು. ಮಾಮಿ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿ ನಿವೃತ್ತರಾದವರು. ಮನೆಯಲ್ಲಿ ಅವರ ಯಜಮಾನರು, ಶಾಲೆಯ ಟೀಚರ್ ಆಗಿದ್ದ ಸೊಸೆ, ಊರೂರು ತಿರುಗುವ ಕೆಲಸದ ಮಗ, ಮೊಮ್ಮಕ್ಕಳು. ಟಿವಿ ಬೇಕಾಗಿದ್ದದ್ದು ಇಂಥದ್ದೇ ಗೇಮ್ ಪೆಟ್ಟಿಗೆಗೆ, ಇದೇ ರೇಸಿನ ಕ್ಯಾಸೆಟ್ಟಿಗೆ; ಅದನ್ನು ಮೊಮ್ಮಕ್ಕಳಿಗಾಗಿ ಒಂದು ಬೇಸಿಗೆಯಲ್ಲಿ ವಿದೇಶಿ ಸಾಮಾನಿನ ಬರ್ಮಾ ಬಜಾರಿನಿಂದ ತಂದಿದ್ದರಂತೆ. ಮಕ್ಕಳು ಬೆಳೆದು ಫೋನು ಹಿಡಿದರು. ಮಾಮಿ ಕಂಟ್ರೋಲರ್ ಬಿಡಲಿಲ್ಲ. ಹೊಸ ತೆಳು ಟಿವಿಯಲ್ಲಿ ಬೆರಳು ಒತ್ತಿದ ಮೇಲೆ ಗಾಡಿ ತಿರುಗಲು ಚೂರು ತಡವಾಗುತ್ತದೆ, “ಅಷ್ಟರಲ್ಲಿ ನಾನು ಪಾತಾಳದಲ್ಲಿರ್ತೀನಿ” ಎಂದರು. ಹಳೆಯ ಟಿವಿ ಕೆಟ್ಟಿದ್ದರಿಂದ ಈ ಹುಡುಕಾಟ.

ಅವತ್ತು ಏಕಾದಶಿ. ಆ ಮನೆಯಲ್ಲಿ ಏಕಾದಶಿ ಎಂದರೆ ಹಿರಿಯರಿಗೆ ಉಪವಾಸ, ಒಲೆಯ ಕೆಲಸ ಹೆಚ್ಚಿಲ್ಲ. ನಲವತ್ತು ವರ್ಷ ಆಫೀಸು, ಅಡುಗೆಮನೆ ಎರಡನ್ನೂ ಎಳೆದ ಮಾಮಿಗೆ ಪೂರ್ತಿ ತಮ್ಮದೇ ಆದ ಮಧ್ಯಾಹ್ನ ಅದೊಂದೇ. ಪೂಜೆ, ಪಾರಾಯಣ ಮುಗಿಸಿ, ಚಾಪೆ ಹಾಸಿ, ರೇಸು! ನನ್ನನ್ನೂ ಕೂರಿಸಿದರು. ಬಂದವರಿಗೆ ಮೊದಲ ಕಂಟ್ರೋಲರ್, ಎರಡನೆಯದು ಯಜಮಾನರಿಗೆ, ಮೂರನೆಯದು ಸೊಸೆಗೆ, ಮನೆಯಾಕೆ ಬಡಿಸಿ ಕೊನೆಗೆ ಊಟಕ್ಕೆ ಕೂರುವ ಹಾಗೆ ನಾಲ್ಕನೆಯದು ಮಾಮಿಗೆ. ಪರದೆ ನಾಲ್ಕು ಭಾಗವಾಗುತ್ತದೆ. ಒಬ್ಬೊಬ್ಬರಿಗೆ ಒಂದು ಮೂಲೆ. ಬಲಗಡೆ ಕೆಳಗಿನ ಮೂಲೆ ಮಾಮಿಯದು.

ಗಾಡಿಗಳಿಗೆ ಚಕ್ರವೇ ಇಲ್ಲ, ನೆಲದಿಂದ ಗೇಣು ಮೇಲೆ ತೇಲುತ್ತವೆ. ರಸ್ತೆ ಆಕಾಶದಲ್ಲಿ, ಪಕ್ಕದಲ್ಲಿ ತಡೆಗೋಡೆಯಿಲ್ಲ. ಶುರುವಾಯಿತು. ನನ್ನ ಗಾಡಿ ಸುಂಯ್ಯೆಂದು ಎಲ್ಲರನ್ನೂ ಹಿಂದೆ ಹಾಕಿ ಹೋಗುತ್ತಿತ್ತು. “ಮಾಮಿ, ನೋಡ್ರಿ, ನಾನೇ ಫಸ್ಟು!” ಎಂದು ಕೂಗಿದೆ.

“ಅದು ನನ್ನ ಗಾಡಿ ಅಂಗಡಿಯೋರೇ. ನೀವು ಮೇಲಿನ ಮೂಲೇಲಿ ಬಿದ್ದು ಆಗ್ಲೇ ಮೂರು ಸಲ ಸತ್ತಿದೀರಿ.”

ಯಜಮಾನರು ನಿಧಾನವಾಗಿ ಕೇಳಿದರು: “ನನ್ನ ವಂಡಿ ಯಾವುದೇ?”

“ನಿಮ್ಮದು ಇನ್ನೂ ಹೊರಟೇ ಇಲ್ಲ. ಗುಂಡಿ ಒತ್ರೀಂದ್ರೆ!”

ಮಾಮಿಯೇ ಗೆದ್ದರು. ಎಲ್ಲರೂ ಚಪ್ಪಾಳೆ ತಟ್ಟಿದರು, ಮಾಮಿಯ ಮುಖ ಮಾತ್ರ ಅರಳಲಿಲ್ಲ. ನಾನು ಹೊರಟಾಗ ಮೆಟ್ಟಿಲವರೆಗೆ ಬಂದು, ಬಲಗೈ ಮುಂದೆ ಚಾಚಿ ತೋರಿಸಿದರು. ಬೆರಳಿನ ಗೆಣ್ಣುಗಳು ಊದಿದ್ದವು.

“ಇದು ಇನ್ನು ಬಿಗೀತಾನೇ ಹೋಗುತ್ತೆ ಅಂದಿದಾರೆ ಡಾಕ್ಟರು. ಅದು ಗೊತ್ತಾದಾಗಿಂದ ನನ್ನ ಸೊಸೆ, ನಾನು ಗೆಲ್ಲಲಿ ಅಂತ, ಕೊನೇ ತಿರುವಿನಲ್ಲಿ ಹೆಬ್ಬೆರಳು ಎತ್ತಿಬಿಡ್ತಾಳೆ, ಮತ್ತೆ ಒತ್ತೋದೇ ಇಲ್ಲ. ಒಳ್ಳೇ ಹುಡುಗಿ, ಪಾಪ, ಅತ್ತೆ ಉಪವಾಸ ಬೇರೆ ಇದಾರೆ ಅಂತ. ಆದ್ರೆ ಪಕ್ಕದ ಮೂಲೇಲಿ ಎಲ್ಲಾ ಕಾಣುತ್ತಲ್ಲಪ್ಪಾ! ಈ ಕೈ ನಿಲ್ಲೋದರೊಳಗೆ ಒಂದು ನಿಜವಾದ ರೇಸು ಆಡ್ಬೇಕು ನಾನು. ನೀವು ನಿಮ್ಮಮ್ಮನಿಗೂ ಐವತ್ತು ರೂಪಾಯಿ ಬಿಡೋರಲ್ಲ. ಅದಕ್ಕೇ ನೀವು ಬೇಕು.”

ಬದುಕಿನಲ್ಲಿ ನನ್ನ ಜಿಪುಣತನವನ್ನು ಯಾರಾದರೂ ಅಷ್ಟು ಗೌರವದಿಂದ ಕಂಡದ್ದು ಅದೇ ಮೊದಲು.

ಆದರೆ ಬಿಟ್ಟುಕೊಡದೆ ಇರಬೇಕಾದರೆ ಮೊದಲು ಕೈಯಲ್ಲಿ ಏನಾದರೂ ಇರಬೇಕಲ್ಲ! ನನಗೆ ಆ ಆಟ ಬರುತ್ತಲೇ ಇರಲಿಲ್ಲ. ಪ್ರತಿ ಏಕಾದಶಿ ಅಂಗಡಿಯನ್ನು ಹೆಂಡತಿಗೆ ಒಪ್ಪಿಸಿ ಹೋಗುತ್ತಿದ್ದೆ, ಬೀಳುತ್ತಿದ್ದೆ, ಬರುತ್ತಿದ್ದೆ. ದಾರಿಯುದ್ದಕ್ಕೂ ಗುಂಡಿಯನ್ನು ಬಿಗಿಯಾಗಿ ಒತ್ತಿ ಹಿಡಿಯುವುದು, ತಿರುವು ಬಂದಾಗ ಸೀದಾ ಆಕಾಶಕ್ಕೆ ಹಾರುವುದು. ನನ್ನ ಸ್ವಭಾವವೇ ಅದು, ಕೈಗೆ ಬಂದ ವೇಗ ಬಿಡಲು ಮನಸ್ಸು ಬರುವುದಿಲ್ಲ. “ಈ ಕ್ಯಾಸೆಟ್ಟಲ್ಲೇ ಏನೋ ಮೋಸ ಐತ್ರಿ ಮಾಮಿ” ಎಂದೆ ಒಂದು ದಿನ, ಕಂಟ್ರೋಲರ್ ಚಾಪೆಯ ಮೇಲೆ ಇಟ್ಟು.

ಮಾಮಿ ನಕ್ಕರು. “ಯಾರಾದ್ರೂ ರೇಟು ಇಳಿಸದೆ ಹೋದ್ರೆ ನೀವೇನು ಮಾಡ್ತೀರಿ?”

“ಎದ್ದು ಹೊರಡ್ತೀನ್ರಿ.”

“ಎಷ್ಟು ದೂರ?”

“ಅವರು ಕರೆಯೋವರೆಗೂ.”

“ಅಷ್ಟೇನೇ! ತಿರುವು ಬರೋಕೆ ಮುಂಚೆ ಗುಂಡಿ ಬಿಟ್ಟು ಹೊರಡಿ. ಗಾಡಿ ಜಾರುತ್ತೆ, ಜಾರ್ಲಿ. ಅದರ ದನಿ ಕೇಳಿ. ಕಿರುಚ್ತಾ ಇರೋದು ಇಳಿದು ಗುಂಯ್ ಅಂತ ಕರೆಯುತ್ತೆ. ಆಗ ಒತ್ತಿ. ಅದಕ್ಕೆ ಮುಂಚೆ ತಿರುಗಿ ನೋಡಿದ್ರೆ ವ್ಯಾಪಾರ ಹೋಯ್ತು.”

ಇಷ್ಟು ವರ್ಷ ಮೂರ್ ಮಾರ್ಕೆಟ್ಟಿನಿಂದ ಪಲ್ಲಾವರದವರೆಗೆ ನಾನು ಮಾಡಿಕೊಂಡು ಬಂದದ್ದೇ ಅದು! ಮುಂದಿನ ಸುತ್ತಿನಲ್ಲಿ ತಿರುವು ಕಂಡದ್ದೇ ಹೆಬ್ಬೆರಳು ಎತ್ತಿದೆ. ಗಾಡಿ ಅಡ್ಡವಾಗಿ ಅಂಚಿನತ್ತ ಜಾರಿತು. ತಡೆದುಕೊಂಡೆ. ದನಿ ಇಳಿಯಿತು. ಒತ್ತಿದೆ. ಗಾಡಿ ಅಂಚನ್ನು ಸವರಿಕೊಂಡು, ಕವಣೆಯಿಂದ ಹೊರಟ ಕಲ್ಲಿನ ಹಾಗೆ ಸೀದಾ ರಸ್ತೆಗೆ ಚಿಮ್ಮಿತು! ನಾನು ಕೂತಲ್ಲೇ ಅರ್ಧ ಎದ್ದಿದ್ದೆ. ಏನು ಹೇಳಲಿ, ಮೊದಲ ಬಾರಿ ನನ್ನ ಸ್ವಂತ ಅಂಗಡಿಯ ಬಾಗಿಲು ಎತ್ತಿದಾಗಲೂ ಮೈ ಹಾಗೆ ಜುಮ್ ಎಂದಿರಲಿಲ್ಲ. ಆಮೇಲೆ ಆ ಹುಚ್ಚು ನನಗೂ ಹಿಡಿಯಿತು. ಬಿಲ್ಲು ಬರೆಯುವಾಗಲೂ ಹೆಬ್ಬೆರಳು ತಾನಾಗಿ ಮೇಲೆ ಕೆಳಗೆ ಆಡುತ್ತಿತ್ತು. ಅಂಗಡಿಯ ಗೋಡೆಯ ಕ್ಯಾಲೆಂಡರಿನಲ್ಲಿ, ಬಸವಣ್ಣನ ಪಟದ ಪಕ್ಕದಲ್ಲೇ, ಮಾಧ್ವರ ಏಕಾದಶಿ ಹುಡುಕುವ ಶೈವ ನಾನೊಬ್ಬನೇ ಇದ್ದಿರಬೇಕು.

ಮಾಮಿಯ ಬೆರಳುಗಳು ಅಷ್ಟರಲ್ಲಿ ಇನ್ನಷ್ಟು ಬಿಗಿದಿದ್ದವು. ಆಟಕ್ಕೆ ಕೂರುವ ಮುಂಚೆ ಬಿಸಿ ಉಪ್ಪುನೀರಿನಲ್ಲಿ ಕೈ ಅದ್ದಿಕೊಂಡು, ಸೆರಗಿನಿಂದ ಒರೆಸಿಕೊಂಡು ಬರುತ್ತಿದ್ದರು. ಅಂಥ ಒಂದು ಮಧ್ಯಾಹ್ನ, ಕೊನೆಯ ಸುತ್ತು, ನಾನು ಮತ್ತು ಮಾಮಿ ಪಕ್ಕಪಕ್ಕಕ್ಕೆ. ಕೊನೆಯ ತಿರುವಿನಲ್ಲಿ ಅವರ ಹೆಬ್ಬೆರಳು ಕೇಳಲಿಲ್ಲ; ಗಾಡಿ ಅಗಲವಾಗಿ ಜಾರಿದ್ದು ನನಗೆ ಅವರ ಮೂಲೆಯಲ್ಲಿ ಕಂಡಿತು. ಸೊಸೆ ನನ್ನ ಮೊಣಕೈ ತಿವಿದು, ‘ಬಿಡಿ’ ಎಂದು ಕಣ್ಣಲ್ಲೇ ಹೇಳಿದರು. ಮೆಟ್ಟಿಲ ಬಳಿ ಮುಂದೆ ಚಾಚಿದ್ದ ಆ ಕೈ ನೆನಪಾಯಿತು. ಒತ್ತಿದೆ. ಗೆದ್ದೆ.

“ಏನ್ ಜನಾನೋ” ಎಂದು ಸೊಸೆ ಗೊಣಗಿದರು.

ಮಾಮಿ ಚಾಪೆಗೆ ಕೈ ಬಡಿದು ನಕ್ಕರು. “ಅಪ್ಪಾಡಾ! ಕೊನೆಗೂ ಒಬ್ಬ ಸಿಕ್ಕ! ಕೇಳಿದ್ಯೇನೇ, ನಾನು ಸೋತೆ! ನಿಜವಾಗ್ಲೂ ಸೋತೆ! ಅಂಗಡಿಯೋರೇ, ನಾಳೆ ಬೆಳಿಗ್ಗೆ ಪಾರಣೆಗೆ ಬರಬೇಕು.”

ದ್ವಾದಶಿಯ ಬೆಳಿಗ್ಗೆ, ಹೊತ್ತು ಮೂಡುವಾಗಲೇ, ಬಾಳೆಲೆಯ ಮೇಲೆ ಅಗಸೆ ಸೊಪ್ಪಿನ ಪಲ್ಯ, ನೆಲ್ಲಿಕಾಯಿ ಗೊಜ್ಜು, ಹುಣಸೆ ಹಾಕದ ಸಾರು. ಬಡಿಸಿದ್ದು ಸೊಸೆ, ಮುಖ ಇನ್ನೂ ಬಿಗಿಯಾಗಿಯೇ ಇತ್ತು. ಸಾರು ಬಡಿಸುತ್ತಾ ತಗ್ಗಿದ ದನಿಯಲ್ಲಿ ಹೇಳಿದರು: “ರಾತ್ರಿಯೆಲ್ಲಾ ಆ ತಿರುವಿನ ಬಗ್ಗೇನೇ ಮಾತು ಅತ್ತೆಗೆ. ಇಷ್ಟು ಖುಷಿಯಾಗಿ ನೋಡಿ ಎಷ್ಟು ದಿನ ಆಗಿತ್ತೋ. ಮುಂದಿನ ಏಕಾದಶಿಗೆ ನಾನೂ ಬಿಡಲ್ಲ, ನೋಡ್ಕೊಳಿ.”

ಬಿಡಲೂ ಇಲ್ಲ! ಮುಂದಿನ ಏಕಾದಶಿಯ ಆ ರೇಸನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಸೊಸೆ ಹಲ್ಲು ಕಚ್ಚಿ ಆಡಿದರು, ನಾನು ಉಸಿರು ಬಿಗಿಹಿಡಿದು ಆಡಿದೆ, ಯಜಮಾನರೂ ಗುಂಡಿ ಒತ್ತಿದರು. ಕೊನೆಯ ತಿರುವಿಗೆ ನಾನೇ ಮುಂದಿದ್ದೆ. ಮಾಮಿ ನನಗಿಂತ ತಡವಾಗಿ ಬೆರಳು ಎತ್ತಿದರು, ನನಗಿಂತ ತಡವಾಗಿ ಒತ್ತಿದರು. ಅವರ ಗಾಡಿ ತಿರುವಿನ ಒಳಬದಿಯಿಂದ ನನ್ನನ್ನು ದಾಟಿ ಗಾಳಿಯ ಹಾಗೆ ನುಗ್ಗಿ ಹೋಯಿತು. ಗೆದ್ದವರು ಪರದೆ ನೋಡಲಿಲ್ಲ, ನನ್ನ ಕೈ ನೋಡಿದರು. ಹೆಬ್ಬೆರಳು ಇನ್ನೂ ಗುಂಡಿಯನ್ನು ಅದುಮಿಕೊಂಡೇ ಇತ್ತು, ಉಗುರು ಬಿಳಿಚಿಕೊಂಡಿತ್ತು. ಆಮೇಲೆ ಸೊಸೆಯ ಕೈ ನೋಡಿದರು. ಅದೂ ಹಾಗೆಯೇ. ಅವರ ಮುಖ ಆಗ ಅರಳಿದ್ದು... ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕೆ ಸೇರಿದ ದಿನ, ಹುಡುಗಿಯಾಗಿದ್ದ ಮಾಮಿ ಹಾಗೆ ನಕ್ಕಿರಬೇಕು.

ಕೆಲವು ತಿಂಗಳಿಗೆ ಆ ಬೆರಳುಗಳು ಪೂರ್ತಿ ನಿಂತವು. ಆಮೇಲೂ ಮಾಮಿ ಕುರ್ಚಿಯಲ್ಲಿ ಕೂತು “ಈಗ ಬಿಡಿ... ಕರೆಯುತ್ತೆ, ಕರೆಯುತ್ತೆ... ಒತ್ತಿ!” ಎಂದು ಕೂಗುತ್ತಿದ್ದರು. ಆಮೇಲೆ ಒಂದು ದಿನ ಆ ಕೂಗೂ ಇಲ್ಲವಾಯಿತು. ಮನೆಯವರು ಬೇರೆ ಕಡೆ ಹೋದರು. ಆ ಟಿವಿಯನ್ನು ವಾಪಸು ಕೊಳ್ಳುತ್ತೀರಾ ಎಂದು ಸೊಸೆ ಕೇಳಿದ್ದರು. ಕೊಂಡೆ. ಮಾರಲಿಲ್ಲ.

ಮೊನ್ನೆ ಶುಕ್ರವಾರ ಪೆಟ್ಟಿಗೆಯನ್ನು ಅದಕ್ಕೇ ಜೋಡಿಸಿದೆ. ನಾನು, ನನ್ನ ಹೆಂಡತಿ, ಮಗಳು. ನನಗೂ ಈಗ ವಯಸ್ಸಾಗಿದೆ, ಮಗಳು ಎರಡೇ ದಿನದಲ್ಲಿ ನನ್ನನ್ನು ಮೀರಿಸಿದಳು. ಭಾನುವಾರ ಕೊನೆಯ ತಿರುವಿನಲ್ಲಿ ನಾನು ಅಂಚಿಗೆ ಜಾರಿದೆ, ಆದರೂ ನಾನೇ ಗೆದ್ದೆ. ನನಗೆ ಅವಳ ಮೂಲೆ ಕಾಣುತ್ತಿತ್ತು. ಹೆಬ್ಬೆರಳು ಎತ್ತಿದವಳು ಮತ್ತೆ ಒತ್ತಿರಲೇ ಇಲ್ಲ.

“ಏನಮ್ಮಾ ಇದು?” ಎಂದೆ.

“ಸುಮ್ಮಾ ಒರು ಚಾನ್ಸ್ ಕುಡುತ್ತೇನ್ ಪಾ.”

ಅವಕಾಶ ಕೊಟ್ಟಳಂತೆ, ನನಗೆ! ಮತ್ತೆ ಮೊದಲಿನಿಂದ ಶುರು ಮಾಡಿಸಿದೆ. ಸೋತೆ. ಚಾಪೆಗೆ ಕೈ ಬಡಿದು ನಕ್ಕೆ. ಮೂವರು ಆಡಿದರೆ ಪರದೆಯ ಬಲಗಡೆ ಕೆಳಗಿನ ಮೂಲೆ ಕಪ್ಪಾಗಿಯೇ ಇರುತ್ತದೆ. ಅದರ ಕಡೆ ಒಮ್ಮೆ ನೋಡಿದೆ...

ನೀವು ಇಂಥ ಪೆಟ್ಟಿಗೆ ಕೊಳ್ಳುವುದಾದರೆ ಕೇಳಿ. ಸಂತೆಗೆ ಬಿಸಿಲೇರಿದ ಮೇಲೆ ಹೋಗಿ, ಮಾರುವವನಿಗೆ ಮೂಟೆ ಕಟ್ಟುವ ಯೋಚನೆ ಹತ್ತಿರುತ್ತದೆ. ಕಂಟ್ರೋಲರಿನ ಕಡ್ಡಿಯನ್ನು ಎಲ್ಲಾ ಕಡೆಗೂ ತಿರುಗಿಸಿ ಬಿಡಿ, ತಾನಾಗಿ ನಡುವಿಗೆ ಬಂದು ನಿಲ್ಲಬೇಕು. ಬೆನ್ನಿರುವ ಟಿವಿ ಸಿಕ್ಕರೆ ಬಿಡಬೇಡಿ. ಬಾಯಿಂದ ಊದಿ ಕ್ಯಾಸೆಟ್ ಕೆಡಿಸಬೇಡಿ, ಒಣಬಟ್ಟೆ ಸಾಕು. ಮೊದಲ ಕೆಲವು ದಿನ ಬೀಳುತ್ತೀರಿ, ಮೋಸವೆಂದು ಬೈದು ಮಾರಲು ಹೊರಡಬೇಡಿ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಅವರ ಕೈಗೆ ಬಿಸಿನೀರು ಕೊಡಿ, ಒಳ್ಳೆಯ ಕಂಟ್ರೋಲರ್ ಕೊಡಿ, ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಕಲಿಸಿ. ಆದರೆ ಕೊನೆಯ ತಿರುವಿನಲ್ಲಿ, ಅವರು ಗೆಲ್ಲಲಿ ಎಂದು, ಹೆಬ್ಬೆರಳು ಎತ್ತಬೇಡಿ. ಅವರಿಗೆ ಕಾಣುತ್ತದೆ.