ಗೋಧಿ ಮುಟ್ಟಿದ ಕೈ

ಶಿವಾಜಿನಗರದ ಬಸ್ ನಿಲ್ದಾಣದ ಹಿಂದಿನ ಗಲ್ಲಿಯಲ್ಲಿ ಒಂದು ಬೇಕರಿ ಇದೆ. ಸಂಜೆ ಆಫೀಸು ಬಿಟ್ಟು ನಾನು ಅಲ್ಲಿಗೆ ಬರುವ ಹೊತ್ತಿಗೆ ಸರಿಯಾಗಿ ಬಿಸಿ ಬನ್ನುಗಳನ್ನು ಹೊರಗೆ ತೆಗೆಯುತ್ತಾರೆ. ನಾನು ಮುಂದೆ ನಿಂತು ಆ ವಾಸನೆಯನ್ನು ಮೂಗಿನ ತುಂಬ ಎಳೆದುಕೊಳ್ಳುತ್ತೇನೆ, ಅಷ್ಟೇ. ಮೂಗಿಗೂ ಪಥ್ಯವಿದೆ ಎಂದು ಇದುವರೆಗೆ ಯಾವ ಡಾಕ್ಟರೂ ಹೇಳಿಲ್ಲ. ಅಂಗಡಿಯವರು ಮೊದಮೊದಲು "ಕ್ಯಾ ಹೋನಾ ಭಾಯ್?" ಎಂದು ಕೇಳುತ್ತಿದ್ದರು. ಈಗ ಕೇಳುವುದನ್ನು ಬಿಟ್ಟಿದ್ದಾರೆ. ತಲೆ ನೆಟ್ಟಗಿಲ್ಲದವನು ಎಂದುಕೊಂಡಿರಬೇಕು.

ನನಗಿರುವುದು ಸೀಲಿಯಾಕ್ ಎಂಬ ಕಾಯಿಲೆ. ಗೋಧಿ, ಮೈದಾ, ರವೆ, ಬಾರ್ಲಿ ಯಾವುದು ಹೊಟ್ಟೆಗೆ ಬಿದ್ದರೂ ನನ್ನ ಕರುಳು ತನ್ನನ್ನು ತಾನೇ ಕೆಡಿಸಿಕೊಳ್ಳುತ್ತದೆ. ಇದಕ್ಕೆ ಮಾತ್ರೆಯಿಲ್ಲ, ತಿನ್ನದಿರುವುದೇ ಮದ್ದು. ಹೇಳುವುದಕ್ಕೆ ಸುಲಭ. ಆದರೆ ಇಪ್ಪತ್ತರ ಹರೆಯದಲ್ಲಿ ಗೆಳೆಯರ ನಡುವೆ ಇದನ್ನು ಹೇಳಿ ನೋಡಿ! "ಗೋಧಿ ಆಗಲ್ವಾ? ಶುಗರ್ ಇರೋರು ಅದನ್ನೇ ತಿಂತಾರಲ್ಲ ಗುರು" ಎಂದು ಒಬ್ಬ. "ಒಂದ್ ಸಮೋಸ ತಿಂದ್ರೆ ಸತ್ತೋಗ್ತೀಯಾ ಮಗಾ?" ಎಂದು ಇನ್ನೊಬ್ಬ. "ಸಾಯಲ್ಲ ಕಣೋ, ನಾಳೆಯಿಂದ ನನ್ ಕೆಲಸಾನೂ ನೀನೇ ಮಾಡ್ಬೇಕಾಗತ್ತೆ" ಎಂದು ನಾನು ಹೇಳಿದ ಮೇಲೆ ಅವನು ಸಮೋಸದ ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ. ಇಂದಿರಾನಗರದಲ್ಲಿ ಆಫೀಸಿನ ಪಾರ್ಟಿ ನಡೆದರೆ ಬಿಯರು ಕೂಡ ನನಗಿಲ್ಲ, ಅದರಲ್ಲೂ ಬಾರ್ಲಿ. ನಿಂಬೆ ಸೋಡಾ ಹೀರುತ್ತ ಕೂತ ನನ್ನನ್ನು ಕಂಡು ಎಲ್ಲರೂ ಬಹಳ ಸಂಭಾವಿತ ಹುಡುಗ ಎಂದು ತಿಳಿದುಬಿಟ್ಟಿದ್ದಾರೆ.

ಎಲ್ಲವನ್ನೂ ಬಿಟ್ಟ ಮೇಲೂ ಕೆಲವು ತಿಂಗಳು ಹೊಟ್ಟೆ ಸರಿಹೋಗಲಿಲ್ಲ. ಹುಡುಕುತ್ತ ಹೋದರೆ ಕಳ್ಳ ಸಿಕ್ಕಿದ್ದು ಸಾರಿನ ಒಗ್ಗರಣೆಯಲ್ಲಿ. ನಾವು ತರುತ್ತಿದ್ದ ಇಂಗಿನ ಡಬ್ಬಿಯಲ್ಲಿ ಇಂಗಿಗಿಂತ ಗೋಧಿ ಹಿಟ್ಟೇ ಹೆಚ್ಚಿತ್ತು. ಇಂಗು ತಿಂದ ಮಂಗ ಎಂಬ ಮಾತು ನನ್ನಷ್ಟು ಚೆನ್ನಾಗಿ ಇನ್ನಾರಿಗೂ ಒಪ್ಪುವುದಿಲ್ಲ.

ಆದರೆ ನಾನು ಹೇಳಹೊರಟದ್ದು ಅವ್ವನ ವಿಷಯ. ನಮ್ಮದು ಕಲಬುರಗಿ ಕಡೆ. ಅಪ್ಪ ಕಟ್ಟಡದ ಕೆಲಸಕ್ಕೆಂದು ಬಂದು ಕೆ.ಆರ್. ಪುರದಲ್ಲಿ ಒಂದು ಕೋಣೆಯ ಬಾಡಿಗೆ ಮನೆ ಹಿಡಿದರು. ಅವ್ವ ಇಂದಿರಾನಗರದ ಮನೆಗಳಲ್ಲಿ ಅಡುಗೆಗೆ ಹೋಗುತ್ತಿದ್ದಳು. ನಾನು ಹಾಲಿನಲ್ಲಿ ಅದ್ದಿದ ಬಿಸ್ಕತ್ತು ತಿನ್ನತೊಡಗಿದಾಗಿನಿಂದಲೂ ಬಡಕಲು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಗುಡಾಣ. ಅವ್ವ ಕೆಲಸಕ್ಕೆ ಹೋಗುವ ಮನೆಗಳ ಮಕ್ಕಳೆಲ್ಲ ಕೆಂಪಗೆ, ದುಂಡಗೆ ಇದ್ದರು, ದಿನಾ ಚಪಾತಿ ತಿನ್ನುತ್ತಿದ್ದರು. ಅವ್ವ ಅದನ್ನು ಕಂಡಳು. ಮನೆಯಲ್ಲಿ ಎಲ್ಲರಿಗೂ ಜೋಳದ ರೊಟ್ಟಿಯಾದರೆ ನನಗೊಬ್ಬನಿಗೆ ತುಪ್ಪ ಸವರಿದ ಚಪಾತಿ ಆಯಿತು. ದಿನವಿಡೀ ಕಂಡವರಿಗೆ ಲಟ್ಟಿಸಿ ಬಂದ ಕೈ ಮತ್ತೆ ನನಗಾಗಿ ಹಿಟ್ಟು ನಾದುತ್ತಿತ್ತು. ಹಬ್ಬ ಬಂದರೆ ಗೋಧಿ ಹುಗ್ಗಿಯ ಮೊದಲ ಪಾಲು ನನಗೆ.

"ನನಗೂ ಒಂದ್ ಚಪಾತಿ ಕೊಡವ್ವಾ" ಎಂದು ಅಕ್ಕ ಅಳುತ್ತಿದ್ದಳು.

"ನೀ ಗಟ್ಟಿ ಅದಿ. ತಮ್ಮ ನೋಡು, ಹ್ಯಾಂಗ ಬಡಕ ಆಗ್ಯಾನ. ಅವ ತಿನ್ಲಿ."

ನಾನು ಬೇಡವೆಂದರೂ ಅವ್ವ ಬಿಡುತ್ತಿರಲಿಲ್ಲ. ತುತ್ತು ಮಾಡಿ ಬಾಯಿಗೆ ಇಡುತ್ತಿದ್ದಳು. ವಾಂತಿ ಮಾಡಿಕೊಂಡರೆ ದೃಷ್ಟಿ ತೆಗೆದು, ಹಸಿದ ಹೊಟ್ಟೆಯೆಂದು ಇನ್ನೊಂದು ಚಪಾತಿ ತಿನ್ನಿಸುತ್ತಿದ್ದಳು. ಅಕ್ಕ ಒಣ ರೊಟ್ಟಿ ತಿಂದು ಗುಂಡುಕಲ್ಲಿನ ಹಾಗೆ ಬೆಳೆದಳು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಆಫೀಸಿನ ಮೆಟ್ಟಿಲ ಮೇಲೆ ತಲೆ ತಿರುಗಿ ಬಿದ್ದೆ. ರಕ್ತ ಪರೀಕ್ಷೆಯಾಯಿತು, ಬಾಯಿಂದ ಹೊಟ್ಟೆಯೊಳಗೆ ಕೊಳವೆ ಇಳಿಸಿಯೂ ನೋಡಿದರು. ಫಲಿತಾಂಶ ಹೇಳುವ ದಿನ ಅವ್ವನೂ ಜೊತೆಗಿದ್ದಳು.

"ಅಮ್ಮಾ, ಇವ್ರಿಗೆ ಗೋಧಿ ಅಂದ್ರೆ ವಿಷ ಇದ್ದಂಗೆ" ಎಂದರು ಡಾಕ್ಟರು. "ಚಿಕ್ಕೋರಿದ್ದಾಗಿಂದಾನೇ ಇದ್ದಿರ್ಬೇಕು. ಮನೇಲಿ ಏನ್ ಊಟ ಮಾಡ್ತೀರಿ?"

"ಜ್ವಾಳದ ರೊಟ್ಟಿರಿ."

"ಒಳ್ಳೇದೇ ಆಯ್ತಲ್ಲ! ಜೋಳದಿಂದ ಏನೂ ತೊಂದ್ರೆ ಇಲ್ಲ."

"ಇವಗಷ್ಟ ಚಪಾತಿ ಹಾಕ್ತಿದ್ನಿರಿ" ಎಂದಳು ಅವ್ವ, ತೀರಾ ಮೆಲ್ಲಗೆ. ಬರೆಯುವುದರಲ್ಲಿ ಮುಳುಗಿದ್ದ ಡಾಕ್ಟರಿಗೆ ಅದು ಕೇಳಿಸಲಿಲ್ಲ. ಬಸ್ಸಿನಲ್ಲಿ ಮನೆ ತಲುಪುವವರೆಗೂ ಅವ್ವ ಕಿಟಕಿಯ ಕಡೆಯಿಂದ ಮುಖ ತಿರುಗಿಸಲಿಲ್ಲ.

ಅಂದಿನಿಂದ ಅವಳು ನನಗೆ ಬಡಿಸುವುದನ್ನು ನಿಲ್ಲಿಸಿದಳು. ಕೆಲಸದಿಂದ ಬಂದವಳೇ ತಲೆಯ ಮೇಲೆ ನೀರು ಸುರಿದುಕೊಂಡು, ಸೀರೆ ಬದಲಿಸಿ, ಉಗುರ ಸಂದಿಯನ್ನು ಹಳೆಯ ಬ್ರಶ್ಶಿನಿಂದ ತಿಕ್ಕುತ್ತಿದ್ದಳು. ಆಮೇಲೆ ಅಡುಗೆಯನ್ನು ನನ್ನ ಮುಂದೆ ಇಟ್ಟು ದೂರ ಸರಿಯುತ್ತಿದ್ದಳು. "ನೀನೇ ಹಾಕ್ಕೋ ತಮ್ಮಾ." ಸೋಪಿನಲ್ಲಿ ತೊಳೆದರೆ ಸಾಕು, ಹೋಗುತ್ತದೆ ಎಂದು ನಾನು ಎಷ್ಟೋ ಸಲ ಹೇಳಿದೆ. "ಹಿಟ್ಟೇನೋ ಹೋಗ್ತದ" ಎನ್ನುತ್ತಿದ್ದಳು. ಮತ್ತೆ ಬ್ರಶ್ಶು ಕೈಗೆತ್ತಿಕೊಳ್ಳುತ್ತಿದ್ದಳು.

ಗೋಧಿ ಬಿಟ್ಟ ಮೇಲೆ ನಾನು ಮೈ ತುಂಬಿಕೊಂಡೆ. ಬಂದವರೆಲ್ಲ "ಈಗ ನೋಡಕ್ ಎಷ್ಟ್ ಚೆನ್ನಾಗಾಗಿದ್ದಾನೆ" ಎನ್ನುವರು. ಅವ್ವನಿಗೆ ಆ ಮಾತೇ ಚುಚ್ಚುತ್ತಿತ್ತೆಂದು ನನಗೆ ತಡವಾಗಿ ತಿಳಿಯಿತು. ನಾನು ದಪ್ಪಗಾದಷ್ಟೂ ಅವಳ ಲೆಕ್ಕದಲ್ಲಿ ಅವಳ ತಪ್ಪು ದೊಡ್ಡದಾಗುತ್ತಿತ್ತು.

ಮಂಡಿನೋವೆಂದು ಅವ್ವ ಕೆಲಸ ಬಿಟ್ಟು ಈಗ ಬಹಳ ಕಾಲವಾಯಿತು. ಅಲ್ಲಿಂದೀಚೆಗೆ ಅವಳ ಕೈ ಗೋಧಿ ಹಿಟ್ಟು ಮುಟ್ಟಿಯೇ ಇಲ್ಲ. ಇನ್ನಾದರೂ ಮನಸ್ಸು ತಿಳಿಯಾಗಿರಬಹುದು ಎಂದುಕೊಂಡಿದ್ದೆ. ನಿನ್ನೆ ಅಕ್ಕನ ಮಗುವಿಗೆ ಮೊದಲ ಅನ್ನ ತಿನ್ನಿಸುವ ಶಾಸ್ತ್ರವಿತ್ತು. ಅಕ್ಕಿ ಪಾಯಸದ ಬಟ್ಟಲನ್ನು ಅಕ್ಕ ಅವ್ವನ ಮುಂದಿಟ್ಟಳು.

"ಮೊದಲನೇ ತುತ್ತು ನೀನೇ ಹಾಕವ್ವಾ."

ಅವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು. "ಬ್ಯಾಡ. ಇವ ಸ್ವಾದರಮಾವ ಅದಾನಲ್ಲ, ಇವ ಹಾಕ್ಲಿ."

"ಅಕ್ಕಿದು ಅವ್ವಾ, ಬರೀ ಅಕ್ಕಿ" ಎಂದೆ ನಾನು.

"ಗೊತ್ತದ" ಎಂದಳು.

ಅಕ್ಕ ನನ್ನ ಮುಖ ನೋಡಿದಳು. ಇಷ್ಟು ವರ್ಷ ನಾನು ಕಾಯಿಲೆ ನನ್ನದೆಂದು, ಕಳೆದುಕೊಂಡವನು ನಾನೆಂದು ತಿಳಿದು ಬನ್ನಿಗೂ ಸಮೋಸಕ್ಕೂ ಮರುಗಿದವನು. ಬೆರಳ ತುದಿಯಲ್ಲಿ ಪಾಯಸ ತೆಗೆದು ಕೂಸಿನ ತುಟಿಗೆ ಸವರಿದೆ. ಅದು ಚಪ್ಪರಿಸಿ ನುಂಗಿ, ಇನ್ನೂ ಬೇಕೆಂದು ಬಾಯಿ ತೆರೆದು ಅವ್ವನ ಕಡೆಗೆ ತಿರುಗಿತು. ಅವ್ವನ ಬಲಗೈ ಸೆರಗಿನಿಂದ ಅರ್ಧ ಹೊರಗೆ ಬಂತು, ಬಟ್ಟಲಿನ ಹತ್ತಿರದವರೆಗೂ ಹೋಯಿತು. ಆಮೇಲೆ ಅವಳು ಬಟ್ಟಲನ್ನು ಮೆಲ್ಲಗೆ ನನ್ನ ಕಡೆಗೆ ಸರಿಸಿದಳು.